ಮೂಷಿಕ ದಾರ್ಢ್ಯ ಮೀಮಾಂಸೆ

ಕನ್ನಡದಲ್ಲಿ ಶಾಸ್ತ್ರಗ್ರಂಥಗಳಿಗೆ ಬರವಿಲ್ಲ. ದನಕರುಗಳ ಕಾಯಿಲೆಗೆ ಕೀರ್ತಿವರ್ಮನ ‘ಗೋವೈದ್ಯ’ವಿದೆ. ಅಡುಗೆಗೆ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಿದೆ. ಇವೆರಡರಲ್ಲೂ ಸಿಗದ್ದನ್ನು ಹುಡುಕಲು ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ವಿದೆ. ಆದರೆ ಗೇಮಿಂಗ್ ಮೌಸಿನ ಗಟ್ಟಿತನವನ್ನು ಕುರಿತು ಒಂದೇ ಒಂದು ಓಲೆಗರಿಯೂ ಇದುವರೆಗೆ ದೊರೆತಿಲ್ಲ. ಪೂರ್ವಸೂರಿಗಳ ಈ ಉಪೇಕ್ಷೆಗೆ ಕಾರಣಗಳಿರಬಹುದು, ಅವರ ಕಾಲದಲ್ಲಿ ಮೌಸೇ ಇರಲಿಲ್ಲ ಎಂಬುದು ಅವುಗಳಲ್ಲೊಂದು. ಹಾಗೆಂದು ವಿದ್ವತ್ ಲೋಕ ಕೈಕಟ್ಟಿ ಕೂರುವಂತಿಲ್ಲ. ಈ ಕೊರತೆಯನ್ನು ತುಂಬಲು ಹೊರಟ ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟೆ: ಮೌಸಿನ ದಾರ್ಢ್ಯವನ್ನು ಅಳೆಯಬೇಕಾದ್ದು ಅದು ತಾಳುವ ಕ್ಲಿಕ್ಕುಗಳಿಂದಲ್ಲ, ಕೆಟ್ಟ ದಿನ ಅದನ್ನು ಎಷ್ಟು ಸಲೀಸಾಗಿ ಬಿಚ್ಚಬಹುದು ಎಂಬುದರಿಂದ. ತಯಾರಕರು ಇದನ್ನು ಒಪ್ಪುವುದಿಲ್ಲ. ಎಲ್ಲರೂ ಒಪ್ಪಿದ ವಿಷಯದ ಮೇಲೆ ಪ್ರಬಂಧ ಬರೆಯುವ ವಾಡಿಕೆಯೂ ನಮ್ಮಲ್ಲಿಲ್ಲ.

ಮೊದಲು ಲಕ್ಷಣ ಹೇಳಬೇಕು. ಲಕ್ಷಣಕ್ಕೆ ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ತಗಲಬಾರದೆಂದು ನೈಯಾಯಿಕರ ಕಟ್ಟಪ್ಪಣೆ. ‘ಬಣ್ಣಬಣ್ಣದ ದೀಪವುಳ್ಳದ್ದು ಗೇಮಿಂಗ್ ಮೌಸ್’ ಎಂದರೆ ಗಣೇಶನ ಪೆಂಡಾಲೂ ಊರ ಜಾತ್ರೆಯ ತೇರೂ ಗೇಮಿಂಗ್ ಮೌಸುಗಳಾಗುತ್ತವೆ, ಇದು ಅತಿವ್ಯಾಪ್ತಿ. ‘ಹತ್ತಾರು ಬಟನ್ ಉಳ್ಳದ್ದು’ ಎಂದರೆ ಐದೇ ಬಟನ್ನಿನ, ಎಲ್ಲಕ್ಕಿಂತ ದುಬಾರಿಯಾದ ಮಾದರಿಗಳು ಹೊರಗುಳಿಯುತ್ತವೆ, ಇದು ಅವ್ಯಾಪ್ತಿ. ‘ಹಿಡಿದವರನ್ನು ಆಟದಲ್ಲಿ ಗೆಲ್ಲಿಸುವಂಥದ್ದು’ ಎಂದರೆ ಅಂಥ ವಸ್ತುವೇ ಜಗತ್ತಿನಲ್ಲಿಲ್ಲ, ಇದು ಅಸಂಭವ. ಆದ್ದರಿಂದ ಈ ಪ್ರಬಂಧದ ಮಟ್ಟಿಗೆ, ಸಾಮಾನ್ಯ ಮೌಸಿನ ಹತ್ತು ಪಟ್ಟು ಬೆಲೆಯಿದ್ದೂ ಸಾಮಾನ್ಯ ಮೌಸು ಕೆಡುವ ಜಾಗದಲ್ಲೇ ಕೆಡುವ ಉಪಕರಣವೇ ಗೇಮಿಂಗ್ ಮೌಸು. ಮೂರು ದೋಷಗಳೂ ಇದಕ್ಕಿಲ್ಲ.

ಇನ್ನು ಇತಿಹಾಸ. 1964ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಕಲ್ಪಿಸಿ ಬಿಲ್ ಇಂಗ್ಲಿಷ್ ಕಟ್ಟಿಕೊಟ್ಟ ಆದಿಮೂಷಿಕಕ್ಕೆ ಇದ್ದದ್ದು ಮರದ ಮೈ, ಒಂದಕ್ಕೊಂದು ಲಂಬವಾಗಿ ಕೂರಿಸಿದ ಎರಡು ಲೋಹದ ಚಕ್ರ, ಒಂದೇ ಬಟನ್. ಊರ ಬಡಗಿಯೂ ಧೈರ್ಯವಾಗಿ ಕೈಹಾಕಬಹುದಾಗಿದ್ದ ಮೌಸು ಅದೊಂದೇ. ಮುಂದೆ ರಬ್ಬರ್ ಗುಂಡಿನ ಯುಗ ಬಂತು. ಗುಂಡಿನ ಮೌಸು ಕೊಳೆ ಹಿಡಿಯುತ್ತಿತ್ತು, ತಡವರಿಸುತ್ತಿತ್ತು, ಕರ್ಸರ್ ಒಂದೇ ದಿಕ್ಕಿಗೆ ಮುಷ್ಕರ ಹೂಡುತ್ತಿತ್ತು, ನಿಜ. ಆದರೆ ಅದರ ಹೊಟ್ಟೆಯಡಿ ಒಂದು ಪ್ಲಾಸ್ಟಿಕ್ ಬಳೆಯಿತ್ತು. ಬಾಣದ ಗುರುತು ತೋರಿಸಿದ ಕಡೆಗೆ ಹೆಬ್ಬೆರಳಿನಿಂದ ತಿರುಗಿಸಿದರೆ ಬಳೆ ಕಳಚಿ ಗುಂಡು ಅಂಗೈಗೆ ಬೀಳುತ್ತಿತ್ತು. ಒಳಗಿನ ರೋಲರಿಗೆ ಸುತ್ತಿಕೊಂಡ ಕೊಳೆಯ ಪಟ್ಟಿಯನ್ನು ಉಗುರಿನಲ್ಲಿ ಕೆರೆದು, ಗುಂಡನ್ನು ಅಂಗಿಗೆ ಒರೆಸಿ ಹಾಕಿದರೆ ಮೌಸು ಮತ್ತೆ ಓಡುತ್ತಿತ್ತು. ಸೈಬರ್ ಕೆಫೆ ನೋಡಿಕೊಳ್ಳುತ್ತಿದ್ದ ಯಾವ ಹುಡುಗನೂ ಇದಕ್ಕಾಗಿ ಎಂಜಿನಿಯರಿಂಗ್ ಓದಿರಲಿಲ್ಲ. 1999ರಲ್ಲಿ ಮೈಕ್ರೋಸಾಫ್ಟಿನ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಬೆಳಕಿನಿಂದ ಚಲನೆಯನ್ನು ಓದತೊಡಗಿತು. ಗುಂಡು ಹೋಯಿತು, ಕೊಳೆ ಹೋಯಿತು, ಅದರ ಜೊತೆಗೇ ಬಾಗಿಲೂ ಹೋಯಿತು. ತೆಗೆಯುವ ಅಗತ್ಯವಿಲ್ಲದ ವಸ್ತುವನ್ನು ತೆಗೆಯಲಾಗದಂತೆ ಮಾಡಿದರೂ ಯಾರೂ ಗಮನಿಸುವುದಿಲ್ಲ ಎಂಬ ತತ್ತ್ವ ಅಂದೇ ಸ್ಥಾಪಿತವಾಯಿತು.

ಪೂರ್ವಪಕ್ಷಿಗಳು ಇಲ್ಲಿ ಎದ್ದುನಿಲ್ಲುತ್ತಾರೆ. ಅವರ ಕೈಯಲ್ಲಿರುವುದು ಡಬ್ಬಿ, ಡಬ್ಬಿಯ ಮೇಲಿರುವುದು ಸಂಖ್ಯೆ. ಹಿಂದೆ ಒಂದು ಕೋಟಿ ಕ್ಲಿಕ್, ಆಮೇಲೆ ಎರಡು, ಆಮೇಲೆ ಐದು, ಈಗ ಏಳು ಕೋಟಿ ಮತ್ತು ಮೇಲ್ಪಟ್ಟು. ಇದಕ್ಕಿಂತ ದಾರ್ಢ್ಯ ಬೇಕೆ ಎಂಬುದು ಅವರ ವಾದ. ನಮ್ಮಲ್ಲಿ ರಾಮಕೋಟಿ ಬರೆಯುವವರಿದ್ದಾರೆ, ಕೇಳಿದರೆ ಬರೆದ ಪುಸ್ತಕಗಳ ಕಟ್ಟನ್ನು ತಂದು ತೋರಿಸುತ್ತಾರೆ. ಮೌಸುಕೋಟಿಯವರು ತೋರಿಸುವುದು ಡಬ್ಬಿಯನ್ನು ಮಾತ್ರ. ಇರಲಿ, ಶಬ್ದಪ್ರಮಾಣವನ್ನೇ ಒಪ್ಪಿ ಲೆಕ್ಕ ಹಾಕೋಣ. ದಿನಕ್ಕೆ ಹತ್ತು ಸಾವಿರ ಸಲ ಒತ್ತುವ ಶ್ರದ್ಧಾವಂತ ಆಟಗಾರನಿಗೆ ಏಳು ಕೋಟಿ ಮುಗಿಸಲು 7,000 ದಿನ ಬೇಕು, ಅಂದರೆ 19 ವರ್ಷಕ್ಕೂ ಹೆಚ್ಚು. ಮೌಸು ಕೊಂಡ ವರ್ಷ ಹುಟ್ಟಿದ ಮಗು ಡಿಗ್ರಿ ಕಾಲೇಜಿಗೆ ಹೋಗುವಾಗಲೂ ಕ್ಲಿಕ್ ಉಳಿದಿರಬೇಕು. ಇಷ್ಟು ಧಾರಾಳಿಯಾದ ಕಂಪನಿ ವಾರಂಟಿ ಕಾರ್ಡಿನಲ್ಲಿ ಸಾಮಾನ್ಯವಾಗಿ ಬರೆಯುವುದು ಎರಡು ವರ್ಷ. ಅದೇ ಆಟಗಾರ 730 ದಿನಗಳಲ್ಲಿ ಒತ್ತುವುದು 73 ಲಕ್ಷ. ಏಳು ಕೋಟಿ ಎಂದು ಸಾರಿದವರು ಜಾಮೀನು ನಿಲ್ಲುವುದು ಹತ್ತರಲ್ಲೊಂದು ಪಾಲಿಗೆ. ಡಬ್ಬಿಗೂ ವಾರಂಟಿ ಕಾರ್ಡಿಗೂ ವಿರೋಧ ಬಂದಾಗ ಕಾರ್ಡೇ ಪ್ರಬಲ, ಏಕೆಂದರೆ ದುಡ್ಡು ಬಿಚ್ಚಬೇಕಾದ್ದು ಅದನ್ನು ನಂಬಿ. ಮೇಲಾಗಿ ಆ ಕೋಟಿ ಮೌಸಿಗೆ ಸೇರಿದ್ದೂ ಅಲ್ಲ. ಅದು ಒಳಗಿನ ಸ್ವಿಚ್ಚಿಗೆ, ಅದೂ ಒಂದೇ ಬಲದಲ್ಲಿ ಒಂದೇ ಲಯದಲ್ಲಿ ಒತ್ತುವ ಯಂತ್ರದೆದುರು ಕೂತ ಸ್ವಿಚ್ಚಿಗೆ ಸೇರಿದ್ದು. ಸೋತ ಸಿಟ್ಟಿನಲ್ಲಿ ಯಂತ್ರ ಮೌಸನ್ನು ಮೇಜಿಗೆ ಕುಟ್ಟುವುದಿಲ್ಲ.

ಆ ಸ್ವಿಚ್ಚನ್ನೇ ಹತ್ತಿರದಿಂದ ನೋಡೋಣ. ಜಪಾನಿನ ಓಮ್ರಾನ್ ಕಂಪನಿಯ, ಲೋಕದ ಅಸಂಖ್ಯ ಮೌಸುಗಳಲ್ಲಿ ಕೂತಿರುವ ಈ ಕಪ್ಪು ಡಬ್ಬಿ ಸುಮಾರು 13 ಮಿಲಿಮೀಟರ್ ಉದ್ದ, 6 ಮಿಲಿಮೀಟರ್ ಅಗಲ. ಒಳಗೆ ಬಾಗಿಸಿ ಸಿಕ್ಕಿಸಿದ ತಾಮ್ರದ ಮಿಶ್ರಲೋಹದ ತೆಳು ತಗಡು. ಬೆರಳು ಒತ್ತಿದರೆ ತಗಡು ಟಕ್ಕೆಂದು ಮಗುಚಿ ಎದುರಿನ ಲೋಹದ ಬಿಂದುವಿಗೆ ಬಡಿಯುತ್ತದೆ. ಬಡಿದದ್ದು ತಕ್ಷಣ ನಿಲ್ಲುವುದಿಲ್ಲ, ಕೆಲವು ಮಿಲಿಸೆಕೆಂಡು ಪುಟಿಯುತ್ತದೆ. ಅಂದರೆ ಪ್ರತಿಯೊಂದು ಕ್ಲಿಕ್ಕೂ ವಾಸ್ತವದಲ್ಲಿ ಅನೇಕ. ಇಲ್ಲಿ ಮೌಸಿನ ಫರ್ಮ್‌ವೇರ್ ಕಟ್ಟಾ ಅದ್ವೈತಿಯಾಗಿ ವರ್ತಿಸುತ್ತದೆ: ಗೊತ್ತಾದ ಗಡುವಿನೊಳಗೆ ಕಂಡ ಎರಡನೆಯದೆಲ್ಲ ಮಿಥ್ಯೆ, ಮೊದಲನೆಯದೊಂದೇ ಸತ್ಯ. ಹೊಸದರಲ್ಲಿ ಸಿದ್ಧಾಂತ ಚೆನ್ನಾಗಿ ನಡೆಯುತ್ತದೆ. ಬರಬರುತ್ತ ತಗಡಿನ ಬಿಗಿ ಸಡಿಲುತ್ತದೆ, ಬಿಂದುವಿನ ಮೇಲೆ ಪೊರೆ ಕಟ್ಟುತ್ತದೆ. ಬ್ಯಾಟರಿ ಉಳಿಸಲು ವಿದ್ಯುತ್ತನ್ನು ಕಡಿಮೆ ಮಾಡಿದಷ್ಟೂ ಆ ಪೊರೆಯನ್ನು ಸುಟ್ಟು ಕಳೆಯುವ ಕಸುವು ಅದಕ್ಕಿರುವುದಿಲ್ಲ. ಕೊನೆಗೊಂದು ದಿನ ಪುಟಿತ ಗಡುವು ದಾಟುತ್ತದೆ, ಮೌಸು ದ್ವೈತಕ್ಕೆ ಮತಾಂತರಗೊಳ್ಳುತ್ತದೆ. ಫೈಲನ್ನು ಒಮ್ಮೆ ಮುಟ್ಟಿದರೆ ತೆರೆದುಕೊಳ್ಳುತ್ತದೆ, ಹಿಡಿದು ಎಳೆದದ್ದು ನಡುದಾರಿಯಲ್ಲಿ ಜಾರುತ್ತದೆ, ಆಟದಲ್ಲಿ ಒಂದೇ ಗುಂಡು ಹಾರಿಸಬೇಕಾದಲ್ಲಿ ಎರಡು ಹಾರುತ್ತವೆ. ‘ಡಬಲ್ ಕ್ಲಿಕ್ ಹೊಡೀತಿದೆ’ ಎಂದು ಆಟಗಾರರು ಮರುಗುವುದು ಇದನ್ನೇ. ತಂತ್ರಾಂಶದಲ್ಲಿ ಗಡುವನ್ನು ಹಿಗ್ಗಿಸಿ ಅದ್ವೈತವನ್ನು ಮರಳಿ ಸ್ಥಾಪಿಸುವ ಉಪಾಯವೂ ಉಂಟು. ಆಗ ಬೇಗ ಬೇಗ ಒತ್ತಿದ ಎರಡು ನಿಜವಾದ ಕ್ಲಿಕ್ಕುಗಳಲ್ಲಿ ಒಂದು ಮಾಯೆಯಾಗುವ ಭಯವಿದೆ. ಮಿಲಿಸೆಕೆಂಡಿನ ವೇಗಕ್ಕೆಂದೇ ದುಡ್ಡು ಸುರಿದವರಿಗೆ ಇದು ಮೋಕ್ಷವಲ್ಲ.

‘ಇದೆಲ್ಲ ಹಳೆಯ ಕತೆ, ಈಗ ಬೆಳಕಿನ ಸ್ವಿಚ್ಚು ಬಂದಿದೆ’ ಎಂಬುದು ಎರಡನೆಯ ಆಕ್ಷೇಪ. ಇದು ತೂಕದ ಮಾತು. 2019ರ ರೇಜರ್ ವೈಪರಿನಲ್ಲಿ ಬಟನ್ ಒತ್ತಿದರೆ ಸುದ್ದಿ ಮುಟ್ಟಿಸುವುದು ಅತಿಗೆಂಪು ಕಿರಣ. ಲೋಹಕ್ಕೆ ಲೋಹ ಬಡಿದು ಪುಟಿಯುವ ಪ್ರಶ್ನೆಯಿಲ್ಲ, ಪೊರೆಯ ಕಾಟವಿಲ್ಲ, ಡಬಲ್ ಕ್ಲಿಕ್ಕಿನ ಈ ಕಾರಣ ಬುಡಸಮೇತ ಹೋಯಿತು. ಇಷ್ಟನ್ನು ಸಿದ್ಧಾಂತಿಯೂ ಮನಸಾರೆ ಒಪ್ಪುತ್ತಾನೆ. ಆದರೆ ಮರಣದ ಒಂದು ದ್ವಾರ ಮುಚ್ಚಿದರೆ ಅಮರತ್ವ ಸಿಕ್ಕಂತಲ್ಲ. ಸ್ಕ್ರಾಲ್ ವೀಲಿನ ಅಚ್ಚಿಗೆ ತಲೆಗೂದಲು ಸುತ್ತಿಕೊಂಡು, ವೀಲಿನ ಉರುಳನ್ನು ಎಣಿಸುವ ಎನ್‌ಕೋಡರಿಗೆ ದೂಳು ಹೊಕ್ಕು, ಕೆಳಗೆ ಉರುಳಿಸಿದ ಪುಟ ಮೇಲಕ್ಕೆ ಜಿಗಿಯುತ್ತದೆ. ಕೇಬಲ್ಲು ಮೈಗೆ ಸೇರುವ ಕುತ್ತಿಗೆಯಲ್ಲಿ ತಂತಿ ಒಳಗೊಳಗೇ ತುಂಡಾಗುತ್ತದೆ. ವೈರ್‌ಲೆಸ್ ಆದರೆ ಲಿಥಿಯಂ ಬ್ಯಾಟರಿಗೆ ವಯಸ್ಸಾಗುತ್ತದೆ. ಇನ್ನು ಮೆತ್ತನೆಯ ಪಾಲಿಯುರೆಥೇನ್ ಲೇಪ. ಅಂಗಡಿಯಲ್ಲಿ ಮುಟ್ಟಿದಾಗ ರೇಷ್ಮೆಯಂತಿರುವ ಇದು ಗಾಳಿಯ ತೇವ ಹೀರಿ ಒಳಗೇ ಒಡೆದು ಅಂಟಂಟಾಗುತ್ತದೆ. ಮಂಗಳೂರು ಉಡುಪಿಯಂಥ ತೇವದ ಊರುಗಳಲ್ಲಿ ಈ ಪರಿಣಾಮಕ್ಕೆ ಕ್ಲಿಕ್ಕಿನ ಹಂಗೂ ಇಲ್ಲ, ಮುಟ್ಟದೆ ಡ್ರಾಯರಿನಲ್ಲಿಟ್ಟರೂ ಸಾಕು. ಏಳು ಕೋಟಿಯಲ್ಲಿ ಒಂದನ್ನೂ ಖರ್ಚು ಮಾಡದೆ ಕೈಗೆ ಅಂಟುವ ಮೌಸಿನ ದಾರ್ಢ್ಯವನ್ನು ಯಾವ ಸಂಖ್ಯೆ ಹೇಳೀತು?

ಮೂರನೆಯ ಪೂರ್ವಪಕ್ಷ ತೂಕದವರದು. ಕೈಗೆ ಭಾರವಾಗಿ ಸಿಕ್ಕಿದ್ದು ಗಟ್ಟಿ ಎಂಬ ನಂಬಿಕೆ ಪಾತ್ರೆ ಅಂಗಡಿಯಿಂದ ಕಂಪ್ಯೂಟರ್ ಅಂಗಡಿಗೂ ಬಂದಿದೆ. ಲಾಜಿಟೆಕ್ 2014ರಲ್ಲಿ ತಂದ ಜಿ502 ಮಾದರಿ 121 ಗ್ರಾಂ ತೂಗುತ್ತಿತ್ತು. ಅದೂ ಸಾಲದೆಂಬವರಿಗೆ ತಲಾ 3.6 ಗ್ರಾಮಿನ ಐದು ಬಿಲ್ಲೆಗಳನ್ನು ಜೊತೆಗೆ ಕೊಡುತ್ತಿದ್ದರು. 2019ರಲ್ಲಿ ಗ್ಲೋರಿಯಸ್ ಕಂಪನಿ ಮೈತುಂಬ ತೂತು ಕೊರೆದ 67 ಗ್ರಾಮಿನ ಮೌಸನ್ನು ಮಾರಿತು. 2020ರ ಹೊತ್ತಿಗೆ ಲಾಜಿಟೆಕ್ಕೇ 63 ಗ್ರಾಮಿಗೂ ಕಡಿಮೆಯ ಸೂಪರ್‌ಲೈಟ್ ತಂದು ಜಿ502ಕ್ಕಿಂತ ಹೆಚ್ಚು ಬೆಲೆ ಕಟ್ಟಿತು. ಭಾರವೂ ಉತ್ತಮ, ಹಗುರವೂ ಉತ್ತಮ ಎಂದಾದ ಮೇಲೆ ತೂಕ ಗುಣಮಟ್ಟಕ್ಕೆ ಹೇತುವಾಗಲಾರದು. ತರ್ಕಶಾಸ್ತ್ರದಲ್ಲಿ ಇದಕ್ಕೆ ಸವ್ಯಭಿಚಾರವೆಂದು ಹೆಸರು. ತೂಕವೇ ದಾರ್ಢ್ಯವಾಗಿದ್ದರೆ ಗಣಪತಿ ಇಲಿಯ ಗೊಡವೆಗೆ ಹೋಗದೆ ಆನೆಯನ್ನೇ ಏರುತ್ತಿದ್ದ. ಅಕ್ಕಪಕ್ಕ ಹಿಂಡಿ ಕಿರುಗುಟ್ಟುತ್ತದೆಯೇ ಎಂದು ನೋಡುವ ಪರೀಕ್ಷೆಯೂ ಇಷ್ಟೇ ಬೆಲೆಯದ್ದು. ಹಿಂಡುವುದು ಯಾವ ಆಟದಲ್ಲೂ ಬರುವುದಿಲ್ಲ.

ಹಾಗಾದರೆ ಸಿದ್ಧಾಂತವೇನು? ಕೆಡುವ ಭಾಗಗಳೆಲ್ಲ ಚಿಲ್ಲರೆ ಬೆಲೆಯವು. ಹತ್ತು ಸಾವಿರ ದಾಟುವ ಮೌಸನ್ನು ಕೆಡವುವ ಸ್ವಿಚ್ಚು ನೂರಿನ್ನೂರರಲ್ಲಿ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬೆಸುಗೆ ಕಡ್ಡಿ ಹಿಡಿದು ಕೂತವರಿಗೆ ಮೂರು ಕಾಲು ಕಿತ್ತು ಮೂರು ಕಾಲು ಕೂರಿಸುವುದು ಒಂದು ಟೀ ಆರುವುದರೊಳಗಿನ ಕೆಲಸ. ತೊಡಕಿರುವುದು ಒಳಹೋಗುವುದರಲ್ಲಿ. ಅನೇಕ ಮಾದರಿಗಳಲ್ಲಿ ಸ್ಕ್ರೂಗಳು ಕಾಣುವುದೇ ಇಲ್ಲ, ಅಡಿಯಲ್ಲಿ ಅಂಟಿಸಿದ ಟೆಫ್ಲಾನ್ ಪಾದಗಳ ಕೆಳಗೆ ಅಡಗಿರುತ್ತವೆ. ಪಾದವನ್ನು ಬಿಸಿ ಮಾಡಿ ಎಬ್ಬಿಸಬೇಕು, ಎಬ್ಬಿಸಿದ್ದು ಸೊಟ್ಟಗಾಗುತ್ತದೆ, ಹೊಸದಕ್ಕೆ ಬೇರೆ ದುಡ್ಡು. ಬೇರೆ ದಾರಿಯಿಲ್ಲವೆಂದಲ್ಲ. ಏಸಸ್ 2014ರ ಗ್ಲೇಡಿಯಸ್ ಮಾದರಿಯಲ್ಲೇ ಬೆಸುಗೆಯಿಲ್ಲದೆ ಸ್ವಿಚ್ಚು ಕಿತ್ತು ಹಾಕಬಹುದಾದ ಸಾಕೆಟ್ಟು ಕೊಟ್ಟಿತ್ತು. ಮಾಡಬಹುದೆಂದು ಒಬ್ಬರು ತೋರಿಸಿದ ಮೇಲೆ, ಮಾಡದಿರುವುದು ಉಳಿದವರ ಅಶಕ್ತಿಯಲ್ಲ, ಆಯ್ಕೆ.

ಉಳಿದದ್ದು ಎರಡು ಚಿಕ್ಕ ಆಕ್ಷೇಪ. ‘ಬೆವರು, ಬಿಸ್ಕತ್ತಿನ ಪುಡಿ, ಸಿಟ್ಟು ಇವೆಲ್ಲ ಬಳಸುವವರ ತಪ್ಪು’ ಎನ್ನುವವರುಂಟು. ಬೆವರದ, ತಿನ್ನದ, ಸಿಟ್ಟಾಗದ ಜೀವಿ ಆಟ ಆಡುವುದಿಲ್ಲ, ತಪಸ್ಸಿಗೆ ಹೋಗುತ್ತದೆ. ‘ಕೆಟ್ಟರೆ ಹೊಸದು ಕೊಂಡರಾಯಿತು’ ಎನ್ನುವವರಿಗೆ ಉತ್ತರ ಕಾನೂನಿನಿಂದಲೇ ಬರುತ್ತಿದೆ. ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ನಿಯಮದಂತೆ, ಫೆಬ್ರವರಿ 2027ರಿಂದ ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕು. ನಮ್ಮ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ರಿಪೇರಿಯ ಹಕ್ಕಿಗಾಗಿ 2022ರಲ್ಲಿ ಸಮಿತಿ ರಚಿಸಿತು. ಮೊದಲ ಸಾಲಿನಲ್ಲಿ ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನಗಳು ನಿಂತಿವೆ. ಟ್ರ್ಯಾಕ್ಟರಿನ ಪಕ್ಕದಲ್ಲಿ ಮೌಸಿಗೂ ಒಂದಿಷ್ಟು ಜಾಗ ಮಾಡಿಕೊಡಬೇಕೆಂಬುದು ಈ ಪ್ರಬಂಧದ ವಿನಮ್ರ ಶಿಫಾರಸು.

ಅಂತೂ ಸಿದ್ಧಾಂತ ನಿಂತಿತು. ಓದುಗರು ಮುಂದಿನ ಸಲ ಅಂಗಡಿಗೆ ಹೋದಾಗ ಡಬ್ಬಿಯ ಮೇಲಿನ ಕೋಟಿಯನ್ನು ಓದದೆ ಮೌಸನ್ನು ಮಗುಚಿ ನೋಡಲಿ. ಸ್ಕ್ರೂ ಕಂಡರೆ ಕೊಳ್ಳಿ. ಕಾಣದಿದ್ದರೆ ಎಲ್ಲಿದೆ ಎಂದು ಕೇಳಿ. ಅಂಗಡಿಯವರಿಗೂ ಗೊತ್ತಿಲ್ಲದಿದ್ದರೆ ಎರಡು ವರ್ಷದ ಬಾಳಿಕೆಗೆ ತಕ್ಕಷ್ಟೇ ಬೆಲೆ ಹೇಳಿ, ಅಲ್ಲಿಂದ ಚೌಕಾಸಿ ಶುರು ಮಾಡಿ.