ರೇಡಿಯೊ ಸೆಕ್ಷನ್ನಿನ ರಾಯರು

ಯಲಹಂಕ, ಜಕ್ಕೂರು, ವಿದ್ಯಾರಣ್ಯಪುರ, ಹೀಗೆ ಬೆಂಗಳೂರಿನ ಬಡಗಣ ಬಡಾವಣೆಗಳಲ್ಲಿ ಬೀದಿಗೊಬ್ಬರಂತೆ ಈ ರಾಯರು ಸಿಗುತ್ತಾರೆ. ವಾಯುಪಡೆಯಲ್ಲೋ ಎಚ್‌ಎಎಲ್‌ನಲ್ಲೋ 'ರೇಡಿಯೊ ಸೆಕ್ಷನ್'ನಲ್ಲಿದ್ದು ನಿವೃತ್ತರಾದವರು. ಮನೆಯ ಕಾಲಿಂಗ್ ಬೆಲ್ ಕೆಟ್ಟು ವರ್ಷಗಳಾಗಿರುತ್ತವೆ; ಬಂದವರು ಗೇಟು ಬಡಿಯಬೇಕು. ಮಿಕ್ಸಿ ಕೆಟ್ಟರೆ ಅಂಗಡಿಗೆ ಹೋಗುತ್ತದೆ. ಕೇಳಿದರೆ, "ಅದೆಲ್ಲ ಸಿವಿಲ್ ಐಟಂ ಕಣಯ್ಯಾ" ಎನ್ನುತ್ತಾರೆ. ಮೆಲ್ಬರ್ನ್‌ನಿಂದ ಮಗಳು ಫೋನ್ ಮಾಡಿದರೆ ಕ್ಷೇಮಸಮಾಚಾರಕ್ಕಿಂತ ಮೊದಲು "ರೀಡೆಬಿಲಿಟಿ ಮೂರು" ಎಂದು ವರದಿ ಕೊಡುತ್ತಾರೆ. ವಿಮಾನದವರ ಲೆಕ್ಕದಲ್ಲಿ ಒಂದು ಅಂದರೆ ಏನೂ ತಿಳಿಯದು, ಐದು ಅಂದರೆ ಸ್ಪಷ್ಟ, ಮೂರು ಅಂದರೆ ಕಷ್ಟಪಟ್ಟರೆ ತಿಳಿಯುತ್ತದೆ. ಮಗಳು ಮದುವೆಗೆ ಮೊದಲಿನಿಂದಲೂ ಮೂರರಲ್ಲೇ ಇದ್ದಾಳೆ.

ಇಂಥವರ ಕೈಗೆ ಒಂದು ಹಳೇ ಹೆಡ್‌ಸೆಟ್ ಸಿಕ್ಕರೆ ಮುಗಿಯಿತು.

ತಂದುಕೊಡುವವನು ಸಾಮಾನ್ಯವಾಗಿ ಹಾರಾಟ ಕಲಿಯುತ್ತಿರುವ ಪಕ್ಕದ ಬೀದಿಯ ಹುಡುಗ. ಯಾರದೋ ತಲೆಯಿಂದ ಯಾರದೋ ತಲೆಗೆ ದಾಟುತ್ತಾ ಬಂದ, ಹಸಿರು ಬಟ್ಟಲುಗಳ ಡೇವಿಡ್ ಕ್ಲಾರ್ಕ್. ಕೇಳುತ್ತದೆ, ಆದರೆ ಮಾತಾಡಿದ್ದು ಆಚೆ ಹೋಗುವುದಿಲ್ಲ. ರಾಯರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮೊದಲು ವಂಶಾವಳಿ ಹೇಳುತ್ತಾರೆ: ಅಮೆರಿಕದ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಊರಿನದು, ಜೆಮಿನಿ ಗಗನಯಾತ್ರಿಗಳ ಉಡುಪು ಹೊಲಿದುಕೊಟ್ಟದ್ದು ಇದೇ ಕಂಪನಿ. ಅದಕ್ಕೂ ಮುಂಚೆ ಅವರು ಹೊಲಿಯುತ್ತಿದ್ದದ್ದು ಹೆಂಗಸರ ಒಳಉಡುಪು ಎಂಬುದು ರಾಯರಿಗೆ ಗೊತ್ತು. ಹೆಂಡತಿ ಕಾಫಿ ಇಟ್ಟು ಒಳಗೆ ಹೋದ ಮೇಲೆ ಅದನ್ನೂ ಹೇಳುತ್ತಾರೆ.

ಆಮೇಲೆ ಪಾಠ. ವಿಮಾನದ ಹೆಡ್‌ಸೆಟ್‌ಗೆ ಎರಡು ಪ್ಲಗ್. ಕಿವಿಯದು 6.35 ಮಿಲಿಮೀಟರ್ ದಪ್ಪ, ಮೈಕಿನದು 5.23. ಮೈಕಿನ ಪ್ಲಗ್‌ನಲ್ಲಿ ಮೂರು ಸಂಪರ್ಕ: ತುದಿಯ ಟಿಪ್ ಮಾತಿನ ಗುಂಡಿಗೆ, ನಡುವಿನ ರಿಂಗ್ ಮೈಕಿಗೆ, ಬುಡದ ಸ್ಲೀವ್ ಅರ್ತ್‌ಗೆ. ಮೈಕನ್ನು ತುಟಿಗೆ ಮುತ್ತಿಡುವಷ್ಟು ಹತ್ತಿರ ಇಟ್ಟುಕೊಳ್ಳಬೇಕು, ಯಾಕೆಂದರೆ ಅದರ ಎರಡೂ ಮಗ್ಗುಲಿಗೆ ರಂಧ್ರ. ಎರಡು ಕಡೆಯಿಂದಲೂ ಸಮನಾಗಿ ಬಂದ ಸದ್ದನ್ನು ಅದು ಕಳೆದುಹಾಕುತ್ತದೆ, ಒಂದೇ ಕಡೆಯಿಂದ ಹತ್ತಿರದಲ್ಲಿ ಬಂದದ್ದನ್ನು ಮಾತ್ರ ಒಪ್ಪುತ್ತದೆ. ಹುಡುಗ ತಲೆಯಾಡಿಸುತ್ತಾನೆ. ಒಳಗಿನಿಂದ "ಗ್ಯಾಸ್ ಬುಕ್ ಮಾಡಿದ್ರಾ?" ಎಂಬ ಪ್ರಶ್ನೆ ಎರಡು ಸಲ ಬಂದು ಕಳೆದುಹೋಗುತ್ತದೆ.

ನನಗೆ ರಾಯರಿಗಿಂತಲೂ ಈ ವಿಮಾನದ ರೇಡಿಯೊದವರ ಮೇಲೆಯೇ ಅನುಮಾನ. ಹಿಂದೆ ಇಂಗಾಲದ ಪುಡಿ ತುಂಬಿದ ಕಾರ್ಬನ್ ಮೈಕುಗಳಿದ್ದವು. ಅವು ಕೆಲಸ ಮಾಡಲು ರೇಡಿಯೊದಿಂದಲೇ ವಿದ್ಯುತ್ ಹರಿಯಬೇಕಿತ್ತು. ಆ ಮೈಕುಗಳು ಹೋದವು. ಹೊಸ ಎಲೆಕ್ಟ್ರೆಟ್ ಮೈಕು ಬಂತು. ಆದರೆ ಹಳೇ ವಿಮಾನ, ಹಳೇ ರೇಡಿಯೊ ಯಾರು ಬದಲಾಯಿಸುತ್ತಾರೆ? ಅದಕ್ಕೇ ಹೊಸ ಮೈಕಿನ ಹಿಂದೆ ಪುಟ್ಟದೊಂದು ಆಂಪ್ಲಿಫೈಯರ್ ಕೂರಿಸಿ, ರೇಡಿಯೊದ ಮುಂದೆ ನೀನು ಕಾರ್ಬನ್ ಮೈಕಿನ ಹಾಗೆಯೇ ನಟಿಸು ಅಂದರು. ಇವತ್ತಿಗೂ ಅದು ನಟಿಸುತ್ತಲೇ ಇದೆ. ಇಡೀ ಉದ್ಯಮವೇ ಹೀಗಿರುವಾಗ ರಾಯರೊಬ್ಬರನ್ನು ಅಂದು ಏನು ಪ್ರಯೋಜನ?

ದೋಷ ಎಲ್ಲಿದೆಯೆಂದು ರಾಯರಿಗೆ ಮೊದಲ ದಿನವೇ ಗೊತ್ತಾಗಿರುತ್ತದೆ. ಪ್ಲಗ್‌ನ ಬುಡದಲ್ಲಿ ವೈರನ್ನು ಬಾಗಿಸಿದರೆ ಮಾತು ಬರುತ್ತದೆ, ಬಿಟ್ಟರೆ ಹೋಗುತ್ತದೆ. ವೈರು ಮುರಿಯುವುದು ಬಾಗುವ ಕಡೆಯೇ. ಆದರೆ ಅಷ್ಟು ಬೇಗ ರೋಗ ಗೊತ್ತಾಗುವುದು ಹೆಡ್‌ಸೆಟ್‌ಗೂ ಅವಮಾನ, ರಾಯರಿಗೂ ಅವಮಾನ. ಆದ್ದರಿಂದ ಮೈಕು ಬಿಚ್ಚಲಾಗುತ್ತದೆ. ಬಟ್ಟಲು ಬಿಚ್ಚಲಾಗುತ್ತದೆ. ಎಸ್‌ಪಿ ರೋಡಿಗೆ ಹೋಗಿ ಮೈಕಿನ ಪ್ಲಗ್ ಕೇಳಲಾಗುತ್ತದೆ, ಅಂಗಡಿಯ ಹುಡುಗ "ಟೈಪ್ ಸಿ ಕೊಡ್ಲಾ ಸಾರ್?" ಎಂದದ್ದು ವಾರವಿಡೀ ಮನೆಯಲ್ಲಿ ಚರ್ಚೆಯಾಗುತ್ತದೆ.

ನಿಜವಾದ ಕಷ್ಟ ಬೆಸುಗೆಯಲ್ಲಿ. ಒಳಗಿರುವುದು ನೆಟ್ಟಗಿನ ತಂತಿಯಲ್ಲ, ನೂಲಿನ ಮೇಲೆ ತಾಮ್ರದ ತೆಳು ಪಟ್ಟಿ ಸುತ್ತಿದ ಎಳೆ. ಕಾದ ಕಬ್ಬಿಣ ಇಟ್ಟರೆ ನೂಲು ಕರಕಲಾಗುತ್ತದೆ, ಸೀಸ ಹಿಡಿಯುವುದಿಲ್ಲ. ರಾಯರು ಇದನ್ನು ಅರ್ಧ ಗಂಟೆ ವಿವರಿಸಿದ ಮೇಲೆ ಹೆಂಡತಿ ಕನ್ನಡಕ ಏರಿಸಿ ನೋಡಿ, "ಇದು ಜರಿ ಅಲ್ವೇ?" ಎನ್ನುತ್ತಾರೆ. ಸೀರೆಗೆ ಕುಚ್ಚು ಕಟ್ಟಿ ಪಳಗಿದ ಕೈ. "ತುದೀಲಿ ಸಣ್ಣ ತಂತಿ ಬಿಗಿಯಾಗಿ ಸುತ್ತಿ, ಆ ತಂತಿಗೆ ಹಚ್ಚಿ." ಸರಿಯಾದ ಉಪಾಯ, ಬಲ್ಲವರು ಮಾಡುವುದೂ ಹಾಗೆಯೇ. ಮೇಲಿನ ಅರಗನ್ನು ಕೆರೆದು, ಸುತ್ತಿ, ಚಕ್ಕನೆ ಬೆಸುಗೆ ಹಾಕಿ ಕೈ ತೆಗೆಯಬೇಕು. ರಾಯರು ಅದನ್ನು "ರೇಡಿಯೊ ಸೆಕ್ಷನ್ ಮೆಥಡ್" ಎಂದು ಡೈರಿಯಲ್ಲಿ ಬರೆದುಕೊಳ್ಳುತ್ತಾರೆ.

ಒಂಬತ್ತು ವೋಲ್ಟಿನ ಬ್ಯಾಟರಿ, ಒಂದು ರೆಸಿಸ್ಟರ್ ಸೇರಿಸಿ ಪರೀಕ್ಷೆ. ಮೈಕು ಸರಿಯಿದ್ದರೆ ಪೈಲಟ್‌ಗೆ ತನ್ನ ದನಿ ತನ್ನ ಕಿವಿಗೇ ಮರಳಿ ಕೇಳಿಸುತ್ತದೆ. ಅದಕ್ಕೆ ಸೈಡ್‌ಟೋನ್ ಎನ್ನುತ್ತಾರೆ. ರಾಯರೂ ಮನೆಯಲ್ಲಿ ಅಂಥದೇ ಏರ್ಪಾಡು ಮಾಡಿಕೊಂಡು, ಹೆಡ್‌ಸೆಟ್ ತೊಟ್ಟು, ಸಂಜೆಯಿಡೀ ತಮ್ಮ ದನಿಯನ್ನೇ ಕೇಳುತ್ತಾ ಕೂರುತ್ತಾರೆ. ಹುಡುಗ ಅಷ್ಟರಲ್ಲಿ ಬೇರೆ ಹೆಡ್‌ಸೆಟ್ ಕೊಂಡಿರುತ್ತಾನೆ.

ಜಕ್ಕೂರಿನ ಕಡೆ ನಿಮ್ಮದೇನಾದರೂ ಇಂಥ ಹೆಡ್‌ಸೆಟ್ ಕೆಟ್ಟರೆ ಧೈರ್ಯವಾಗಿ ರಾಯರಿಗೆ ಕೊಡಿ. ಕೆಲಸ ಪಕ್ಕಾ, ದುಡ್ಡು ಮುಟ್ಟುವುದಿಲ್ಲ. ವಾಪಸು ಕೇಳುವಾಗ ಮಾತ್ರ ಅವರ ಹೆಂಡತಿಯನ್ನು ಕೇಳಿ. ಎಲ್ಲಿಟ್ಟಿದ್ದಾರೆಂದು ಅವರಿಗೇ ಗೊತ್ತು. ಗೇಟು ಜೋರಾಗಿ ಬಡಿಯಿರಿ.