ಕಾಚಿಗೂಡ ದೀಪಪ್ರಕರಣ

ವಿಷಯ: 1916ರಲ್ಲಿ ನಿಜಾಮರ ಕಾಲದಲ್ಲಿ ಎದ್ದ ಹೈದರಾಬಾದಿನ ಕಾಚಿಗೂಡ ರೈಲು ನಿಲ್ದಾಣದಿಂದ ಬಡಿ ಚೌಡಿಯವರೆಗೆ ಸಂಜೆ ಹೊತ್ತಿಕೊಳ್ಳುವ ಎಲ್‌ಇಡಿ ಸಂತತಿ. ಅಧಿಕಾರಿ: ಬೆಂಗಳೂರು ರೈಲಿಗೆ ಇನ್ನೂ ಹೊತ್ತಿರುವವನು, ಕರ್ನಾಟಕ ಸಾಹಿತ್ಯ ಮಂದಿರದ ಭಾಷಣದಿಂದ ಪಾರಾಗಿ ಬಂದವನೂ ಆದೀತು. ಪ್ರಯೋಜನ: ಬೆಳಕು ಹೆಚ್ಚಿದಷ್ಟೂ ಗಿರಾಕಿ ಎಂಬ ಭ್ರಮೆಯ ನಿವಾರಣೆ. ಜಾತಿಗಳು ಐದು.

1. ಹರಿತ. ಔಷಧದಂಗಡಿಯ ಹಸಿರು ಪ್ಲಸ್ ಗುರುತು. ಹಗಲುಗಣ್ಣಿಗೆ 555 ನ್ಯಾನೊಮೀಟರಿನ ಹಸಿರೇ ಪರಮಪ್ರಿಯ. ಅಷ್ಟೇ ಶಕ್ತಿಯ ಬೆಳಕಿನಲ್ಲಿ ಉಳಿದವರಿಗಿಂತ ಹೆಚ್ಚು ಕಾಣುವ ಮಿತವ್ಯಯಿ.

2. ನೀಲ. 470 ನ್ಯಾನೊಮೀಟರಿನ ಇದಕ್ಕೆ ಬೆಳಕಳೆಯುವ ಮೀಟರು ಹಸಿರಿನ ಹತ್ತನೇ ಒಂದು ಪಾಲೂ ಬೆಲೆ ಕಟ್ಟದು. ಆದರೆ ಕಣ್ಣು ಮೀಟರಲ್ಲ: ಅಚ್ಚ ಬಣ್ಣ ಅಷ್ಟೇ ಅಳತೆಯ ಬಿಳಿಗಿಂತ ಪ್ರಖರವಾಗಿ ತೋರುತ್ತದೆ. ಹೆಲ್ಮ್‌ಹೋಲ್ಟ್ಸ್–ಕೋಲ್‌ರಾಶ್ ಪರಿಣಾಮವೆಂಬ ಈ ವರ ನೀಲಿಗೆ ಧಾರಾಳವಾಗಿ ಸಿಕ್ಕಿದೆ. ಕತ್ತಲಾದಂತೆ ಕಣ್ಣಿನ ಒಲವು ನೀಲಿಯತ್ತ ಸರಿಯುತ್ತದೆಂದು ವಿಜ್ಞಾನಿ ಪುರ್ಕಿನ್ಯೆ 19ನೇ ಶತಮಾನದಲ್ಲೇ ಗುರುತಿಸಿದ್ದ. ಕಾಚಿಗೂಡದಲ್ಲಿ ಅಂಥ ಕತ್ತಲು ಕರೆಂಟು ಹೋದಾಗ ಮಾತ್ರ ಲಭ್ಯ. ಆಗ ಬೋರ್ಡೂ ಆರಿರುತ್ತದೆ. ದೋಷ: ದೃಷ್ಟಿಯ ನಟ್ಟನಡುವೆ ನೀಲಿ ಹಿಡಿಯುವ ಕೋಶಗಳೇ ಇಲ್ಲ. ಬೋರ್ಡು ದೂರದಿಂದ ಕರೆಯುತ್ತದೆ, ಸಣ್ಣಕ್ಷರದ ರೇಟು ಓದಗೊಡದು. ಇದನ್ನು ಗುಣವೆನ್ನುವ ವ್ಯಾಪಾರಿಗಳೂ ಇದ್ದಾರೆ.

3. ಶ್ವೇತ. ವೇಷಧಾರಿ: ಒಳಗೆ ನೀಲಿ ಎಲ್‌ಇಡಿ ಚಿಪ್, ಮೇಲೆ ಹಳದಿ ಫಾಸ್ಫರಿನ ಲೇಪ. ನೀಲಿ ಎಲ್‌ಇಡಿಗೆ ಅಕಾಸಾಕಿ, ಅಮಾನೊ, ನಕಾಮುರಾ 2014ರ ನೊಬೆಲ್ ಪಡೆದರು. ಮಿರ್ಚಿಬಜ್ಜಿ ಗಾಡಿಯ ಬಲ್ಬು ಅದರ ಪ್ರಸಾದ. ನಿಲ್ದಾಣ 2017ರಲ್ಲಿ ಸಂಪೂರ್ಣವಾಗಿ ಎಲ್‌ಇಡಿ ಮತಕ್ಕೆ ಸೇರಿತು.

4. ರಕ್ತ. ಬೋಗಿ ನಿಲ್ಲುವ ಜಾಗ ಹೇಳುವ ಕೆಂಪಕ್ಷರ. 630 ನ್ಯಾನೊಮೀಟರಿನಲ್ಲಿ ಕಣ್ಣಿನ ಒಲವು ಹಸಿರಿನ ಕಾಲುಭಾಗ. ಆದರೂ ಪ್ಲಾಟ್‌ಫಾರಮ್ಮಿನ ಕಣ್ಣೆಲ್ಲ ಅದರ ಮೇಲೆ. ಕಾರಣ ಕಾಂತಿಯಲ್ಲ, ರೈಲು ತಪ್ಪೀತೆಂಬ ಭಯ.

5. ಚಂಚಲ. ಬಣ್ಣ ಯಾವುದಾದರೂ ಸರಿ, ಮಿನುಗುವುದೇ ಲಕ್ಷಣ. ಕಣ್ಣಂಚು ಬಣ್ಣಕ್ಕೆ ಮಂದ, ಮಿನುಗಿಗೆ ಚುರುಕು.

ಪೂರ್ವಪಕ್ಷ: ಪಕ್ಕದವನು ಒಂದು ಸಾಲು ಸೀರಿಯಲ್ ಸೆಟ್ ಇಳಿಬಿಟ್ಟರೆ ನಾನು ನಾಲ್ಕು ಬಿಡುವೆ.

ಸಿದ್ಧಾಂತ: ಸಲ್ಲದು. ಗಮನ ಒಲಿಯುವುದು ಭೇದಕ್ಕೆ. ಹಸಿರಿನ ಗುಂಪು ಎಷ್ಟೇ ದೊಡ್ಡದಿರಲಿ, ಒಂಟಿ ಕೆಂಪು ತಟ್ಟನೆ ಕಾಣುತ್ತದೆ. ಬಣ್ಣವನ್ನೂ ಆಕಾರವನ್ನೂ ಕೂಡಿಸಿ ಹುಡುಕುವಾಗ ಕಣ್ಣು ಒಂದೊಂದನ್ನೇ ತಡವಬೇಕು. ಮನೋವಿಜ್ಞಾನಿಗಳಾದ ಆನ್ ಟ್ರೀಸ್ಮನ್, ಗೆಲೇಡ್ 1980ರಲ್ಲಿ ಮಂಡಿಸಿದ ವಾದವಿದು. ಎಲ್ಲ ಬಣ್ಣವೂ ಮಿನುಗುವ ಬೀದಿಯಲ್ಲಿ ಗಿರಾಕಿ ಯಾವುದನ್ನೂ ತಡವದೆ ನೇರ ಚಹಾದಂಗಡಿಗೆ ಹೋಗುತ್ತಾನೆ.

ಫಲಶ್ರುತಿ: ಇದನ್ನು ಓದಿ ಪಕ್ಕದವನಿಗಿಲ್ಲದ ಒಂದೇ ಬಣ್ಣ ಹಚ್ಚಿದವನಿಗೆ ಗಿರಾಕಿ ಹೆಚ್ಚುವುದು, ಬಿಲ್ಲು ಇಳಿಯುವುದು. ಪಕ್ಕದವನೂ ಓದಿದರೆ ಫಲ ನಾಶ. ಆದ್ದರಿಂದ ಈ ಗ್ರಂಥವನ್ನು ಅವನಿಗೆ ಎರವಲು ಕೊಡತಕ್ಕದ್ದಲ್ಲ.