ಗೇಮಿಂಗ್ ಪ್ರೇಕ್ಷಕ ಮೀಮಾಂಸೆ: ನಾಲ್ಕು ತಾಲ್ಲೂಕುಗಳ ಒಂದು ಅಪೂರ್ಣ ಅಧ್ಯಯನ

ಆಡುವವನ ಬಗ್ಗೆ ಲೋಕ ಬೇಕಾದಷ್ಟು ಬರೆದಿದೆ. ಆಡುವವನನ್ನು ನೋಡಲೆಂದು ಐನೂರು ಕಿಲೋಮೀಟರ್ ಬಸ್ಸಿನಲ್ಲಿ ಮುದುರಿಕೊಂಡು ಹೋಗುವವನ ಬಗ್ಗೆ ಮಾತ್ರ ಶಾಸ್ತ್ರಕಾರರು ತುಟಿ ಬಿಚ್ಚಿಲ್ಲ. ಭರತಮುನಿ ನಾಟ್ಯಶಾಸ್ತ್ರದಲ್ಲಿ ಪ್ರೇಕ್ಷಕನ ಲಕ್ಷಣಗಳನ್ನೇನೋ ಹೇಳಿದ. ಅವನ ಬಸ್ ಚಾರ್ಜು ಯಾರು ಕೊಡಬೇಕೆಂಬುದನ್ನು ಹೇಳದೆ ಬಿಟ್ಟ. ಈ ಕೊರತೆಯನ್ನು ನೀಗಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನದ ವ್ಯಾಪ್ತಿ ಚಿಕ್ಕಬಳ್ಳಾಪುರ ಜಿಲ್ಲೆಯ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ. ಬಾಗೇಪಲ್ಲಿ, ಗುಡಿಬಂಡೆಯವರು ಬೇಸರ ಮಾಡಿಕೊಳ್ಳಬಾರದು, ಅವರಿಗೆ ಎರಡನೇ ಸಂಪುಟವಿದೆ.

ಸಮಸ್ಯೆ ಇಷ್ಟು. 2024ರ ಜೂನ್ 28ರಿಂದ 30ರವರೆಗೆ ಹೈದರಾಬಾದಿನ ಹೈಟೆಕ್ಸ್‌ನಲ್ಲಿ ಬಿಜಿಎಂಐ ಎಂಬ ಮೊಬೈಲ್ ಆಟದ ರಾಷ್ಟ್ರಮಟ್ಟದ ಫೈನಲ್ ನಡೆಯಿತು. ಒಟ್ಟು ಬಹುಮಾನ 2 ಕೋಟಿ ರೂಪಾಯಿ. ಗೆದ್ದ ಟೀಮ್ ಎಕ್ಸ್‌ಸ್ಪಾರ್ಕ್‌ಗೆ 60 ಲಕ್ಷ. ಅದೇ ಪಂದ್ಯ ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತಿತ್ತು. ಮನೆಯಲ್ಲಿ ಮಲಗಿ, ಹೊಟ್ಟೆಯ ಮೇಲೆ ಫೋನಿಟ್ಟುಕೊಂಡು ನೋಡಬಹುದಾದದ್ದನ್ನು ಎದ್ದು ಹೋಗಿ ನೋಡುವವನ ತಲೆಯಲ್ಲಿ ಏನಿರುತ್ತದೆ?

ಉತ್ತರಕ್ಕಾಗಿ ಮೊದಲು ಚರಿತ್ರೆಯನ್ನು ಕೆದಕಬೇಕು.

ಈ ಜಿಲ್ಲೆಗೆ ಸಂಬಂಧಪಟ್ಟ ಮೊಟ್ಟಮೊದಲ ಗೇಮಿಂಗ್ ಪ್ರೇಕ್ಷಕ ವಿದುರ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಅವನು ನೆಟ್ಟನೆಂದು ಸ್ಥಳಪುರಾಣ ಹೇಳುವ ಅಶ್ವತ್ಥ ಮರ 2001ರಲ್ಲಿ ಉರುಳಿತಾದರೂ ಅವನ ಅರ್ಹತೆಗೆ ಕುಂದಿಲ್ಲ. ಧೃತರಾಷ್ಟ್ರನ ಮಾತಿನಂತೆ ಇಂದ್ರಪ್ರಸ್ಥಕ್ಕೆ ಹೋಗಿ ಪಾಂಡವರನ್ನು ಪಗಡೆಗೆ ಕರೆತಂದವನು ಅವನೇ. ಈ ಆಟ ಬೇಡ ಎಂದವನೂ ಅವನೇ. ಬೇಡವೆಂದ ಮೇಲೂ ಎದ್ದು ಹೋಗದೆ ಕೊನೆಯ ದಾಳದವರೆಗೆ ಸಭೆಯಲ್ಲಿ ಕೂತವನೂ ಅವನೇ. ಇಂಥವನೊಬ್ಬ ಇಂದಿಗೂ ಪ್ರತಿ ಗುಂಪಿನಲ್ಲಿರುತ್ತಾನೆ. "ಬೇಡ ಗುರೂ, ರಶ್ ಹೋಗ್ಬೇಡ, ಜೋನ್ ಒಳಗೇ ಕೂತ್ಕೋ" ಎಂದು ಪರದೆಗೆ ಬುದ್ಧಿ ಹೇಳುತ್ತಾನೆ. ಪರದೆ ಕೇಳುವುದಿಲ್ಲ. ದುರ್ಯೋಧನನೂ ಕೇಳಿರಲಿಲ್ಲ.

ಎದುರು ಪಂಥದ ಮೂಲ ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿದೆ. ಕೈವಾರವೇ ಮಹಾಭಾರತದ ಏಕಚಕ್ರಪುರವೆಂದು ಪ್ರತೀತಿ. ಅಲ್ಲಿನ ಜನ ಬಂಡಿ ತುಂಬ ಅನ್ನ ಹೇರಿ ಭೀಮನನ್ನು ಬಕಾಸುರನ ಬಳಿಗೆ ಕಳಿಸಿ, ತಾವು ಮನೆಯಲ್ಲೇ ಕೂತು ಫಲಿತಾಂಶಕ್ಕೆ ಕಾದರು. ಇವರೇ ಇಂದಿನ ಆನ್‌ಲೈನ್ ವೀಕ್ಷಕರ ಪೂರ್ವಜರು. ಹೀಗೆ ವಿದುರ ಪಂಥ, ಏಕಚಕ್ರ ಪಂಥ ಎಂಬ ಎರಡು ಪಂಥಗಳು ಒಂದೇ ಜಿಲ್ಲೆಯಲ್ಲಿ ಹುಟ್ಟಿರುವಾಗ ಹೊರಗಿನ ವಿಶ್ವವಿದ್ಯಾಲಯಗಳು ಈ ವಿಷಯಕ್ಕೆ ಕೈ ಹಾಕುವುದು ಅಧಿಕಪ್ರಸಂಗವೇ ಸರಿ.

ಆದರೂ ವಿದೇಶದ ಎರಡು ಆಧಾರಗಳನ್ನು ಔದಾರ್ಯದಿಂದ ಪರಿಗಣಿಸಬಹುದು. 1972ರ ಅಕ್ಟೋಬರ್ 19ರಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ 'ಸ್ಪೇಸ್‌ವಾರ್' ಎಂಬ ಕಂಪ್ಯೂಟರ್ ಆಟದ ಪಂದ್ಯಾವಳಿ ನಡೆಯಿತು. ಬಹುಮಾನ, 'ರೋಲಿಂಗ್ ಸ್ಟೋನ್' ಪತ್ರಿಕೆಯ ಒಂದು ವರ್ಷದ ಚಂದಾ. (ಕನ್ನಡ ಸಂಪಾದಕರು ಗಮನಿಸಬೇಕು.) ಸರಿಯಾಗಿ 42 ವರ್ಷ ಕಳೆದು, 2014ರ ಅಕ್ಟೋಬರ್ 19ರಂದೇ, ದಕ್ಷಿಣ ಕೊರಿಯಾದ ಸೋಲ್ ನಗರದ ವಿಶ್ವಕಪ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಲವತ್ತು ಸಾವಿರ ಮಂದಿ 'ಲೀಗ್ ಆಫ್ ಲೆಜೆಂಡ್ಸ್' ಫೈನಲ್ ನೋಡಿದರು. ಎರಡೂ ಒಂದೇ ತಾರೀಖಿಗೆ ಬಿದ್ದದ್ದರ ಬಗ್ಗೆ ಪ್ರತ್ಯೇಕ ಅಧ್ಯಾಯ ಬರೆಯಬಹುದಿತ್ತು. ಪುಟ ಸಾಲದು.

ಭಾರತದ ಚರಿತ್ರೆ ಇಷ್ಟು ಸುಸೂತ್ರವಲ್ಲ. 2019ರ ಮಾರ್ಚ್‌ನಲ್ಲಿ ಹೈದರಾಬಾದಿನಲ್ಲಿ ಪಬ್ಜಿ ಮೊಬೈಲ್ ಫೈನಲ್ ನಡೆದು ಟೀಮ್ ಸೋಲ್ ಗೆದ್ದಿತು. ಗೆದ್ದ ತಂಡದ ಹೆಸರು 'ಸೋಲ್' ಆದದ್ದು ಕನ್ನಡದ ಪ್ರೇಕ್ಷಕನಿಗಾದ ಮೊದಲ ಗೊಂದಲ. 2020ರ ಸೆಪ್ಟೆಂಬರ್ 2ರಂದು ಆಟಕ್ಕೇ ನಿಷೇಧ ಬಿತ್ತು. ಮುಂದಿನ ಜುಲೈಯಲ್ಲಿ ಅದು ಬಿಜಿಎಂಐ ಎಂಬ ಹೆಸರಿನಲ್ಲಿ ಪುನರ್ಜನ್ಮ ತಾಳಿತು, 2022ರ ಜುಲೈಯಲ್ಲಿ ಮತ್ತೆ ಮಾಯವಾಯಿತು, 2023ರ ಮೇ ತಿಂಗಳಲ್ಲಿ ಮತ್ತೆ ಪ್ರತ್ಯಕ್ಷವಾಯಿತು. ಎರಡು ಪ್ರಳಯ ಕಂಡು ಉಳಿದ ಪ್ರೇಕ್ಷಕ ಬಸ್ಸು ಎರಡು ಗಂಟೆ ತಡವಾದರೆ ಗೊಣಗುವುದಿಲ್ಲ.

ಇನ್ನು ದಿಕ್ಕಿನ ಸಮಸ್ಯೆ. ಈ ಆಟದ ಒಡೆಯರಾದ ಕ್ರಾಫ್ಟನ್ ಕಂಪನಿಯ ಭಾರತದ ಕಚೇರಿ ಇರುವುದು ಬೆಂಗಳೂರಿನಲ್ಲಿ, ಅಂದರೆ ಚಿಕ್ಕಬಳ್ಳಾಪುರದಿಂದ ಅರವತ್ತು ಕಿಲೋಮೀಟರ್ ಆಸುಪಾಸಿನಲ್ಲಿ. ಫೈನಲ್‌ಗಳು ನಡೆದದ್ದು 2024ರ ಜೂನ್‌ನಲ್ಲಿ ಹೈದರಾಬಾದ್, ಸೆಪ್ಟೆಂಬರಿನಲ್ಲಿ ಕೊಚ್ಚಿ, 2025ರ ಏಪ್ರಿಲ್‌ನಲ್ಲಿ ಕೋಲ್ಕತ್ತ, ಜುಲೈಯಲ್ಲಿ ದೆಹಲಿ. ಇವುಗಳಲ್ಲಿ ಹೈದರಾಬಾದೊಂದೇ ನಮ್ಮವರ ಕೈಗೆಟಕುವಂಥದ್ದು. ರಾಷ್ಟ್ರೀಯ ಹೆದ್ದಾರಿ 44 ಚಿಕ್ಕಬಳ್ಳಾಪುರದ ಮಗ್ಗುಲಲ್ಲೇ ಹಾದು ಬಾಗೇಪಲ್ಲಿ, ಅನಂತಪುರ, ಕರ್ನೂಲು ಬಳಸಿ ನೇರವಾಗಿ ಅಲ್ಲಿಗೇ ಮುಟ್ಟಿಸುತ್ತದೆ. ಮೇಲಾಗಿ ಚಿಂತಾಮಣಿಯ ಹುಡುಗ ಅಲ್ಲಿ ಇಳಿದ ಕೂಡಲೇ ಆಟೊದವನ ಜತೆ ತೆಲುಗಿನಲ್ಲಿ ಚೌಕಾಶಿಗೆ ನಿಲ್ಲಬಲ್ಲ. ಈ ವಿದ್ಯೆ ಕೋಲ್ಕತ್ತದಲ್ಲಿ ನಡೆಯದು.

ಪಂದ್ಯವೇ ಜಿಲ್ಲೆಗೆ ಬಂದ ಅಪವಾದವೂ ಉಂಟು. 2024ರ ಜನವರಿ 18ರಂದು ಸಚಿನ್ ತೆಂಡೂಲ್ಕರ್, ಯುವರಾಜ್ ಸಿಂಗ್ ನಾಯಕತ್ವದ ತಂಡಗಳು ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದಲ್ಲೇ ಕ್ರಿಕೆಟ್ ಆಡಿದವು. ಸಚಿನ್ನರೇ ಬರಬಹುದಾದರೆ ಫೋನ್ ಹಿಡಿದ ಫೈನಲ್‌ನ ಅರವತ್ತನಾಲ್ಕು ಹುಡುಗರು ಬರಲಾಗದೇ ಎಂಬುದು ಚಿಕ್ಕಬಳ್ಳಾಪುರ ತಾಲ್ಲೂಕಿನ ವಾದ. ವಾದದಲ್ಲಿ ಹುರುಳಿದೆ.

ಗೌರಿಬಿದನೂರಿನ ದುಃಖ ಬೇರೆ. 2023ರ ಸೆಪ್ಟೆಂಬರ್ 24ರಿಂದ ಯಶವಂತಪುರ–ಕಾಚಿಗುಡ ವಂದೇ ಭಾರತ್ ರೈಲು ಈ ಊರಿನ ಹಳಿಯ ಮೇಲೆಯೇ ಹೈದರಾಬಾದಿಗೆ ಓಡುತ್ತಿದೆ, ನಿಲ್ಲುವುದಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಿಂತ ಪ್ರೇಕ್ಷಕನಿಗೆ ಅದು ಕಿಟಕಿಗಳ ಒಂದು ಗೆರೆಯಾಗಿ ಕಾಣಿಸಿ ಮರೆಯಾಗುತ್ತದೆ. ಆದರೆ ಆಟದ ಮರ್ಮವನ್ನು ಈ ಊರಿನಷ್ಟು ಹಳೆಯ ಕಾಲದಿಂದ ಬಲ್ಲ ಊರು ಇನ್ನೊಂದಿಲ್ಲ. ಬಿಜಿಎಂಐನಲ್ಲಿ ಗೆಲ್ಲುವವನು ಗೋಡೆಯಾಚೆಯ ಶತ್ರುವಿನ ಹೆಜ್ಜೆ ಸಪ್ಪಳ ಕೇಳಿಸಿಕೊಳ್ಳುವವನು. ಗೌರಿಬಿದನೂರಿನಲ್ಲಿ ಭಾಭಾ ಅಣುಸಂಶೋಧನಾ ಕೇಂದ್ರದ ಭೂಕಂಪನ ಮಾಪಕ ಜಾಲ 1965ರಿಂದ ನೆಲಕ್ಕೆ ಕಿವಿಗೊಟ್ಟು, ಸಾವಿರಾರು ಮೈಲಿ ದೂರದಲ್ಲಿ ಯಾರು ಭೂಮಿಯೊಳಗೆ ಅಣುಬಾಂಬು ಸಿಡಿಸಿದರೆಂದು ಆಲಿಸುತ್ತಾ ಬಂದಿದೆ. ಇದಕ್ಕಿಂತ ದುಬಾರಿ ಹೆಡ್‌ಫೋನು ಯಾವ ಆಟಗಾರನ ಬಳಿಯೂ ಇಲ್ಲ.

ಇದೇ ತಾಲ್ಲೂಕಿನ ಅಪ್ಪಂದಿರ ಬಳಿ ಒಂದು ಬ್ರಹ್ಮಾಸ್ತ್ರವಿದೆ. "ನಮ್ಮ ಹೊಸೂರಿನ ಎಚ್. ನರಸಿಂಹಯ್ಯನೋರು ಓದೋದಕ್ಕೆ ಬೆಂಗಳೂರಿಗೆ ನಡ್ಕೊಂಡೇ ಹೋದ್ರು. ನೀನು ಆಟ ನೋಡೋದಕ್ಕೆ ಸ್ಲೀಪರ್ ಬಸ್ ಕೇಳ್ತೀಯ." ಇದಕ್ಕೆ ಸಮರ್ಪಕ ಉತ್ತರವನ್ನು ಶಾಸ್ತ್ರ ಇನ್ನೂ ಕಂಡುಕೊಂಡಿಲ್ಲ. ಇದೆಲ್ಲ ಜೂಜು ಎಂಬ ಆಕ್ಷೇಪಕ್ಕಾದರೆ ಉತ್ತರವಿದೆ: 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇಂಥ ಪಂದ್ಯಗಳನ್ನು, ಅಂದರೆ ಇ-ಸ್ಪೋರ್ಟ್ಸನ್ನು, ಕ್ರೀಡಾ ಸಚಿವಾಲಯದಡಿ ತಂದಿತು, 2025ರ ಆಗಸ್ಟ್‌ನ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ ಇ-ಸ್ಪೋರ್ಟ್ಸನ್ನು ಬೇರೆ ಮಾಡಿ ಮಾನ್ಯ ಮಾಡಿತು. ಮಗ ಇದನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಾನೆ. ಅಪ್ಪ ಪೂರ್ತಿ ಕೇಳಿ, "ಸರಿ, ಸರ್ಕಾರ ಒಪ್ಕೊಂತು. ಚಾರ್ಜು ಸರ್ಕಾರ ಕೊಡ್ತದಾ?" ಎನ್ನುತ್ತಾನೆ.

ಚಿಂತಾಮಣಿಯ ಯಾತ್ರಾಶಾಸ್ತ್ರ ಟೊಮೆಟೊ ದರದ ಉಪಶಾಖೆ. ಹದಿನೈದು ಕೆ.ಜಿ. ಬಾಕ್ಸಿನ ಬೆಲೆ ಮೇಲಿದ್ದರೆ ನಾಲ್ವರ ಸ್ಕ್ವಾಡ್ ಪೂರ್ತಿ ಹೊರಡುತ್ತದೆ, ಕೆಳಗಿದ್ದರೆ ಒಬ್ಬ ಹೋಗಿ ಉಳಿದವರಿಗೆ ವಿಡಿಯೊ ಕಾಲ್ ಮಾಡುತ್ತಾನೆ. ಬೆಲೆ ಏರಿದಾಗ ಫೈನಲ್ ಇರುವುದಿಲ್ಲ, ಫೈನಲ್ ಬಂದಾಗ ಟೊಮೆಟೊ ರಸ್ತೆ ಬದಿಯಲ್ಲಿ ಬಿದ್ದಿರುತ್ತದೆ.

ಶಿಡ್ಲಘಟ್ಟದಲ್ಲಿ ಇಡೀ ಸಿದ್ಧಾಂತ ರೇಷ್ಮೆ ಹುಳುವಿನ ಮುಂದೆ ಮಂಡಿಯೂರುತ್ತದೆ. ಬೆರಳಿನ ಚುರುಕಿಗೇನೂ ಕೊರತೆಯಿಲ್ಲ. ಇಲ್ಲಿನ ಗೂಡಿನ ಮಾರುಕಟ್ಟೆಯಲ್ಲಿ ನಡೆಯುವುದು ಇ-ಹರಾಜು, ಲಾಟಿಗೆ ದರ ಒತ್ತುವ ರೀಲರನ ಹೆಬ್ಬೆರಳು ಯಾವ ವೃತ್ತಿಪರ ಆಟಗಾರನಿಗೂ ಕಡಿಮೆಯಲ್ಲ. ತೊಡಕು ಪಂಚಾಂಗದ್ದು. ಹುಳು ನಾಲ್ಕು ಸಲ ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತು ಏಳುತ್ತದೆ. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದಲ್ಲಿ ಅದು ಜೀವಮಾನದ ಸೊಪ್ಪಿನ ಬಹುಪಾಲನ್ನು ತಿಂದು ಮುಗಿಸುತ್ತದೆ. ಆ ವಾರ ಸೊಪ್ಪು ಕೊಯ್ಯುವವನು, ಹೊರುವವನು, ಹಾಸುವವನು ಒಬ್ಬರೂ ಊರು ಬಿಡುವಂತಿಲ್ಲ. ಪಂದ್ಯಾವಳಿ ಆಯೋಜಕರು ಮಳೆ, ಪರೀಕ್ಷೆ, ಕ್ರಿಕೆಟ್ ಎಲ್ಲವನ್ನೂ ನೋಡಿ ದಿನ ಗೊತ್ತು ಮಾಡಬಹುದು. ಹುಳುಮನೆಯ ಕಡೆ ತಿರುಗಿ ನೋಡುವುದಿಲ್ಲ.

"ಅಮ್ಮಾ, ಮೂರೇ ದಿನ."

"ಮೂರು ದಿನಕ್ಕೆ ಹುಳ ಹಣ್ಣಾಗ್ತದೆ ಕಣೋ. ಚಂದ್ರಿಕೆಗೆ ಬಿಡೋರು ಯಾರು, ನಿನ್ನ ಫೋನಾ?"

ಇಲ್ಲಿಗೆ ಶಿಡ್ಲಘಟ್ಟದ ಅಧ್ಯಾಯ ಮುಗಿಯುತ್ತದೆ. ಒಂದು ಬೆಳೆಯ ಗೂಡು ಮಾರಿ ಮುಂದಿನ ಬೆಳೆಗೆ ಮೊಟ್ಟೆ ತರುವ ನಡುವಿನ ದಿನಗಳಲ್ಲಿ ಫೈನಲ್ ಬಿದ್ದರೆ ಮಾತ್ರ ಈ ತಾಲ್ಲೂಕಿನಿಂದ ಪ್ರೇಕ್ಷಕ ಹುಟ್ಟುತ್ತಾನೆ. ಹಾಗೆ ಹುಟ್ಟಿದವನು ನಾಲ್ಕೂ ತಾಲ್ಲೂಕಿನವರ ಪೈಕಿ ಅತ್ಯಂತ ಗಟ್ಟಿ ದನಿಯಲ್ಲಿ ಕೂಗುವವನು.

ಅಂತೂ ತಲುಪಿದವನಿಗೆ ಅಲ್ಲಿ ಕಾಣುವುದೇನು? ವೇದಿಕೆಯ ಮೇಲೆ ಹದಿನಾರು ತಂಡ, ಅರವತ್ತನಾಲ್ಕು ಆಟಗಾರರು, ಎಲ್ಲರೂ ಫೋನಿನ ಮೇಲೆ ಬಗ್ಗಿಕೊಂಡು. ಹಿಂದಿನ ಸಾಲಿನವನಿಗೆ ಕಾಣಿಸುವುದು ಅವರ ಬೈತಲೆ ಮಾತ್ರ. ಅವನು ದೊಡ್ಡ ಪರದೆ ನೋಡುತ್ತಾನೆ. ಪರದೆ ಒಂದು ಸಲಕ್ಕೆ ಒಂದೇ ಮೂಲೆ ತೋರಿಸುವುದರಿಂದ, ಉಳಿದ ಮೂಲೆಗಳಲ್ಲಿ ಏನಾಯಿತೆಂದು ತಿಳಿಯಲು ತನ್ನ ಫೋನನ್ನೇ ತೆಗೆಯುತ್ತಾನೆ. ಐನೂರು ಕಿಲೋಮೀಟರ್ ಬಂದು ಮತ್ತೆ ಅದೇ ಆರು ಇಂಚಿನ ಪರದೆ! ಏಕಚಕ್ರ ಪಂಥದವರು ಚಪ್ಪಾಳೆ ತಟ್ಟುವ ಹಂತ ಇದು. ಅಷ್ಟರಲ್ಲಿ ನೆಚ್ಚಿನ ತಂಡದವನೊಬ್ಬ ಎದುರಾಳಿಯನ್ನು ನಾಕ್ ಮಾಡುತ್ತಾನೆ. ಸಭಾಂಗಣ ಒಟ್ಟಿಗೆ ಎದ್ದು ನಿಲ್ಲುತ್ತದೆ, ಪಕ್ಕದ ಅಪರಿಚಿತ ಹೆಗಲ ಮೇಲೆ ಕೈಹಾಕಿ ಅಲ್ಲಾಡಿಸುತ್ತಾನೆ. ಮನೆಯಲ್ಲಿ ಇಷ್ಟು ಜೋರಾಗಿ ಕೂಗಿದ್ದರೆ ಅಜ್ಜಿ ಪೊರಕೆ ಹಿಡಿದು ಬರುತ್ತಿದ್ದಳು. ಇಲ್ಲಿ ಕೂಗದವನನ್ನೇ ಅನುಮಾನದಿಂದ ನೋಡುತ್ತಾರೆ. ಮೂರು ದಿನ ಹೊಟ್ಟೆ ತುಂಬ ಕಿರುಚಲು ಪರವಾನಗಿ ಇರುವ ಜಾಗ ಬೇರೆಲ್ಲಿದೆ ಎಂದು ವಿದುರ ಪಂಥದವರು ಕೇಳುತ್ತಾರೆ, ಕೇಳುವಷ್ಟು ದನಿ ಗಂಟಲಿನಲ್ಲಿ ಉಳಿದಿದ್ದರೆ.

ಊರಿಗೆ ಮರಳಿದ ಪ್ರೇಕ್ಷಕರ ನಡವಳಿಕೆ ಮಾತ್ರ ಯಾವ ಪಂಥದ ಸೂತ್ರಕ್ಕೂ ಸಿಗುತ್ತಿಲ್ಲ. ಕಣ್ಣಾರೆ ನೋಡಿ ಬಂದ ಪಂದ್ಯವನ್ನೇ ಅವರು ಯೂಟ್ಯೂಬಿನಲ್ಲಿ ಮೊದಲಿನಿಂದ ಹಾಕಿಕೊಳ್ಳುತ್ತಾರೆ. ಆಟ ಬಂದಾಗ ಓಡಿಸುತ್ತಾರೆ, ಪ್ರೇಕ್ಷಕರ ಕಡೆ ಕ್ಯಾಮೆರಾ ತಿರುಗಿದಾಗ ನಿಲ್ಲಿಸುತ್ತಾರೆ. ಬಸ್ ನಿಲ್ದಾಣದ ಪಕ್ಕದ ಟೀ ಅಂಗಡಿಯಲ್ಲಿ ನಾಲ್ಕು ತಲೆಗಳು ಒಂದು ಫೋನಿನ ಮೇಲೆ ಕೂಡಿ, ಎಡಗಡೆ ಮೂಲೆಯಲ್ಲಿ ಅರ್ಧ ಕಾಣುವ ಮೊಣಕೈ ಯಾರದೆಂದು ಜಗಳವಾಡುತ್ತಿವೆ. ಮೊಣಕೈಗೆ ಈವರೆಗೆ ಇಬ್ಬರು ವಾರಸುದಾರರು.